ತಂತ್ರಾಂಶ ಪ್ರಶ್ನೋತ್ತರ: ಊರೂರಲ್ಲಿ ಹಂಚಿಹೋದ ತಂಡ ಮತ್ತು ವರ್ಷನ್ ಕಂಟ್ರೋಲ್

ಬೇರೆ ಬೇರೆ ಊರುಗಳಲ್ಲಿ ಕುಳಿತು ಒಂದೇ ತಂತ್ರಾಂಶವನ್ನು ಬರೆಯುತ್ತಿರುವವರಿಂದ ಈ ಸಲ ಹೆಚ್ಚಿನ ಪತ್ರಗಳು ಬಂದಿವೆ. ಅವೆಲ್ಲ ವರ್ಷನ್ ಕಂಟ್ರೋಲ್, ಅಂದರೆ ಕೋಡಿನ ಪ್ರತಿಯೊಂದು ಬದಲಾವಣೆಯನ್ನೂ ದಾಖಲಿಸಿಡುವ ಪದ್ಧತಿಯ ಬಗ್ಗೆ. ಪ್ರಶ್ನೆಗಳು ಒಂದಕ್ಕೊಂದು ಹೊಂದಿಕೊಂಡಿರುವುದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾವು ಆರು ಜನ ಸೇರಿ ಸಹಕಾರ ಸಂಘಗಳಿಗೆ ಲೆಕ್ಕಪತ್ರದ ತಂತ್ರಾಂಶ ಬರೆಯುತ್ತಿದ್ದೇವೆ. ಇಬ್ಬರು ಶಿವಮೊಗ್ಗದಲ್ಲಿ, ಮೂವರು ಬೆಂಗಳೂರಿನಲ್ಲಿ, ಒಬ್ಬರು ಹುಬ್ಬಳ್ಳಿಯಲ್ಲಿದ್ದಾರೆ. ಕೋಡನ್ನು ಎಲ್ಲರೂ ತೆರೆಯಬಹುದಾದ ಒಂದು ಆನ್‌ಲೈನ್ ಫೋಲ್ಡರಿನಲ್ಲಿಟ್ಟು, ದಿನದ ಕೊನೆಗೆ ಜಿಪ್ ಮಾಡಿ ದಿನಾಂಕ ಬರೆದಿಡುತ್ತೇವೆ. ಹೋದ ತಿಂಗಳು ಒಬ್ಬರು ತಿದ್ದಿದ ಬಡ್ಡಿ ಲೆಕ್ಕದ ಕಡತದ ಮೇಲೆ ಇನ್ನೊಬ್ಬರು ತಮ್ಮ ಹಳೆಯ ಪ್ರತಿಯನ್ನು ಹಾಕಿಬಿಟ್ಟರು, ಎರಡು ದಿನದ ಕೆಲಸ ಹೋಯಿತು. ಎಲ್ಲರೂ ಗಿಟ್ ಎಂಬ ವರ್ಷನ್ ಕಂಟ್ರೋಲ್ ಸಾಧನ ಬಳಸಿ ಎನ್ನುತ್ತಾರೆ. ಫೋಲ್ಡರಿಗಿಂತ ಅದು ಹೇಗೆ ಮೇಲು? (ಶಿವಮೊಗ್ಗದ ಓದುಗರು)

ಉತ್ತರ: ನಿಮ್ಮ ಫೋಲ್ಡರಿಗೆ ಗೊತ್ತಿರುವುದು ಕಡತದ ಕೊನೆಯ ರೂಪ ಮಾತ್ರ. ಇಬ್ಬರು ಕಳುಹಿಸಿದ ಪ್ರತಿಗಳು ಬೇರೆ ಬೇರೆಯಾಗಿವೆ ಎಂಬುದನ್ನು ಅದು ಹೇಳಬಲ್ಲದೇ ಹೊರತು, ಅವೆರಡೂ ಯಾವ ಮೂಲ ಪ್ರತಿಯಿಂದ ಕವಲೊಡೆದವು ಎಂಬುದು ಅದಕ್ಕೆ ತಿಳಿಯದು. ಆ ಮೂಲ ಗೊತ್ತಿಲ್ಲದಿದ್ದರೆ, ಒಂದು ಸಾಲು ಒಂದು ಪ್ರತಿಯಲ್ಲಿದ್ದು ಇನ್ನೊಂದರಲ್ಲಿ ಇಲ್ಲವಾದಾಗ, ಮೊದಲನೆಯವರು ಅದನ್ನು ಸೇರಿಸಿದರೋ ಎರಡನೆಯವರು ಅಳಿಸಿದರೋ ಎಂದು ತೀರ್ಮಾನಿಸುವುದು ಮನುಷ್ಯರಿಗೂ ಯಂತ್ರಕ್ಕೂ ಅಸಾಧ್ಯ. ಗಿಟ್ ಉಳಿಸಿಕೊಳ್ಳುವುದು ಈ ಮೂಲದ ನೆನಪನ್ನು. ಅದರಲ್ಲಿ ದಾಖಲಾಗುವ ಪ್ರತಿಯೊಂದು ಕಮಿಟ್ (ಬದಲಾವಣೆಯ ಒಂದು ದಾಖಲೆ), ತಾನು ಯಾವ ಕಮಿಟ್‌ನ ಮೇಲೆ ನಿಂತಿದ್ದೇನೆ ಎಂಬುದನ್ನು ತನ್ನೊಳಗೇ ಬರೆದುಕೊಂಡಿರುತ್ತದೆ. ಎರಡು ಕವಲುಗಳನ್ನು ಕೂಡಿಸಬೇಕಾದಾಗ ಗಿಟ್ ಹಿಂದಕ್ಕೆ ನಡೆದು ಅವೆರಡರ ಸಮಾನ ಪೂರ್ವಜನನ್ನು ಹುಡುಕಿ, ಮೂರು ಪ್ರತಿಗಳನ್ನು ಒಟ್ಟಿಗೆ ಹೋಲಿಸುತ್ತದೆ.

ನಿಮ್ಮ ಬಡ್ಡಿ ಲೆಕ್ಕದ ಕಡತವನ್ನೇ ತೆಗೆದುಕೊಳ್ಳೋಣ. ಶಿವಮೊಗ್ಗದವರು 40ನೇ ಸಾಲಿನಲ್ಲಿ ಸುಸ್ತಿ ಬಡ್ಡಿಯ ದರವನ್ನು ತಿದ್ದಿದರು, ಬೆಂಗಳೂರಿನವರು ತಮ್ಮ ಹಳೆಯ ಪ್ರತಿಯಲ್ಲೇ 210ನೇ ಸಾಲಿನಲ್ಲಿ ಪೈಸೆಗಳನ್ನು ಪೂರ್ಣ ರೂಪಾಯಿಗೆ ಹೊಂದಿಸುವ ಕ್ರಮವನ್ನು ತಿದ್ದಿದರು ಎಂದುಕೊಳ್ಳಿ. ಫೋಲ್ಡರಿನಲ್ಲಿ ಕೊನೆಗೆ ಹಾಕಿದವರ ಪ್ರತಿ ಉಳಿಯುತ್ತದೆ, ಮೊದಲಿನವರ ದರ ಅಳಿಸಿಹೋಗುತ್ತದೆ. ಗಿಟ್‌ನಲ್ಲಾದರೆ, 40ನೇ ಸಾಲು ಮೂಲದಿಂದ ಬದಲಾಗಿರುವುದು ಶಿವಮೊಗ್ಗದ ಪ್ರತಿಯಲ್ಲಿ ಮಾತ್ರ, 210ನೇ ಸಾಲು ಬದಲಾಗಿರುವುದು ಬೆಂಗಳೂರಿನ ಪ್ರತಿಯಲ್ಲಿ ಮಾತ್ರ ಎಂಬುದು ಸ್ಪಷ್ಟವಾಗಿರುವುದರಿಂದ ಎರಡೂ ತಿದ್ದುಪಡಿಗಳು ಉಳಿಯುತ್ತವೆ. ಇಬ್ಬರೂ 40ನೇ ಸಾಲನ್ನೇ ಮುಟ್ಟಿದ್ದರೆ ಗಿಟ್ ಯಾರ ಪರವನ್ನೂ ವಹಿಸದೆ ನಿಂತುಬಿಡುತ್ತದೆ, ಎರಡು ರೂಪಗಳನ್ನೂ ಗುರುತು ಹಾಕಿ ತೋರಿಸಿ, ನೀವೇ ತೀರ್ಮಾನಿಸಿ ಎನ್ನುತ್ತದೆ. ಕಾನ್ಫ್ಲಿಕ್ಟ್ ಎಂದು ಜನ ಹೆದರುವುದು ಇದಕ್ಕೆ. ನಿಮ್ಮ ಎರಡು ದಿನದ ಕೆಲಸ ಹೋದದ್ದು ಹೀಗೆ ನಿಲ್ಲಿಸಿ ಕೇಳುವವರು ಯಾರೂ ಇಲ್ಲದ್ದರಿಂದ.

ಈ ಕಷ್ಟ ಹಳೆಯದು. ಆರ್‌ಸಿಎಸ್ ಎಂಬ ಹಿಂದಿನ ಸಾಧನದಲ್ಲಿ ಒಬ್ಬರು ಕಡತಕ್ಕೆ ಬೀಗ ಹಾಕಿಕೊಂಡು ತಿದ್ದಿದರೆ, ಉಳಿದವರು ಬೀಗ ತೆಗೆಯುವ ತನಕ ಕಾಯುವುದು ರೂಢಿಯಾಗಿತ್ತು. 1980ರ ದಶಕದಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ವಿಶ್ವವಿದ್ಯಾಲಯವೊಂದರಲ್ಲಿ ಡಿಕ್ ಗ್ರೂನ್ ತಮ್ಮ ಇಬ್ಬರು ವಿದ್ಯಾರ್ಥಿಗಳೊಂದಿಗೆ ಸಿ ಕಂಪೈಲರ್ ಬರೆಯುತ್ತಿದ್ದರು. ಒಬ್ಬ ವಿದ್ಯಾರ್ಥಿ ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ತಪ್ಪದೆ ಕೆಲಸ ಮಾಡುವವನು, ಇನ್ನೊಬ್ಬನ ವೇಳೆಗೆ ಗೊತ್ತುಗುರಿಯಿಲ್ಲ, ಗ್ರೂನ್ ಅವರಿಗೆ ಬಿಡುವಾಗುತ್ತಿದ್ದದ್ದು ಸಂಜೆ ಮಾತ್ರ. ಒಬ್ಬರು ಇನ್ನೊಬ್ಬರಿಗಾಗಿ ಕಾಯದೆ ಕೆಲಸ ಸಾಗಬೇಕೆಂದು ಅವರು ರೂಪಿಸಿ 1986ರಲ್ಲಿ ಹೊರತಂದ ವರ್ಷನ್ ಕಂಟ್ರೋಲ್ ಸಾಧನವೇ ಸಿವಿಎಸ್. ಆ ಮೂವರೂ ಒಂದೇ ವಿಶ್ವವಿದ್ಯಾಲಯದಲ್ಲಿದ್ದರು ಎಂಬುದನ್ನು ಗಮನಿಸಬೇಕು. ತಂಡವನ್ನು ಬೇರ್ಪಡಿಸುವುದು ಮೈಲಿಗಳಿಗಿಂತ ಹೆಚ್ಚಾಗಿ ಗಂಟೆಗಳು.

ಗಿಟ್ ಹುಟ್ಟಿದ್ದು ಇದಕ್ಕಿಂತ ಬಹಳ ದೊಡ್ಡ ತಂಡಕ್ಕಾಗಿ. ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನಲ್ ಬರೆಯುವವರು 2002ರವರೆಗೂ ತಿದ್ದುಪಡಿಗಳನ್ನು ಇಮೇಲಿನಲ್ಲಿ ಕಳುಹಿಸಿಕೊಳ್ಳುತ್ತಿದ್ದರು. ಆಮೇಲೆ ಬಿಟ್‌ಕೀಪರ್ ಎಂಬ ಖಾಸಗಿ ಸಾಧನವನ್ನು ಬಳಸಿದರು. ಅದರ ಉಚಿತ ಬಳಕೆಯ ಅವಕಾಶ 2005ರಲ್ಲಿ ತಪ್ಪಿಹೋದಾಗ ಲಿನಕ್ಸ್‌ನ ಜನಕ ಲೈನಸ್ ಟೋರ್ವಾಲ್ಡ್ಸ್ ಆ ವರ್ಷದ ಏಪ್ರಿಲ್‌ನಲ್ಲಿ ಗಿಟ್ ಬರೆಯಲು ತೊಡಗಿ, ಕೆಲವೇ ದಿನಗಳಲ್ಲಿ ಗಿಟ್‌ನ ಕೋಡನ್ನೇ ಗಿಟ್‌ನಲ್ಲಿ ಇಡುವಷ್ಟು ಮುಂದುವರಿದರು. ಜುಲೈ ಹೊತ್ತಿಗೆ ಅದರ ಹೊಣೆಯನ್ನು ಜೂನಿಯೋ ಹಮಾನೋ ವಹಿಸಿಕೊಂಡರು. ಪ್ರಪಂಚದ ಮೂಲೆಮೂಲೆಯಲ್ಲಿ ಹರಡಿಕೊಂಡಿದ್ದ ಆ ತಂಡಕ್ಕೆ ಬೇಕಿದ್ದದ್ದು, ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಪೂರ್ತಿ ಚರಿತ್ರೆ ಇರಬೇಕು ಎಂಬುದು. ಯಾವ ಪ್ರತಿ ಮುಖ್ಯ ಎಂಬುದನ್ನು ಗಿಟ್ ವಿಧಿಸುವುದಿಲ್ಲ, ತಂಡವೇ ಒಪ್ಪಿಕೊಳ್ಳಬೇಕು. ಗಿಟ್‌ಹಬ್, ಗಿಟ್‌ಲ್ಯಾಬ್ ಎಂಬ ಆನ್‌ಲೈನ್ ಸೇವೆಗಳಲ್ಲಿ ಅಥವಾ ನಿಮ್ಮದೇ ಸರ್ವರಿನಲ್ಲಿ ಒಂದು ರೆಪೊಸಿಟರಿಯನ್ನು (ಕೋಡೂ ಅದರ ಚರಿತ್ರೆಯೂ ಇರುವ ಭಂಡಾರವನ್ನು) ಇಟ್ಟು, ಅದರ ಮೈನ್ ಬ್ರಾಂಚಿಗೆ (ಮುಖ್ಯ ಕವಲಿಗೆ) ನೇರವಾಗಿ ಯಾರೂ ಪುಶ್ ಮಾಡದಂತೆ (ಕಮಿಟ್ ಕಳುಹಿಸದಂತೆ) ಕಾವಲು ಹಾಕಿ. ಒಂದು ಎಚ್ಚರಿಕೆಯೂ ಇದೆ. ಈ ಕೂಡಿಸುವಿಕೆಯೆಲ್ಲ ಸಾಲುಗಳಿರುವ ಪಠ್ಯ ಕಡತಗಳಿಗೆ ಮಾತ್ರ. ಎಕ್ಸೆಲ್ ಹಾಳೆಯನ್ನೋ ಚಿತ್ರವನ್ನೋ ಇಬ್ಬರು ಏಕಕಾಲಕ್ಕೆ ತಿದ್ದಿದರೆ ಗಿಟ್ ಕೂಡ ಕೈಚೆಲ್ಲುತ್ತದೆ. ಅಂಥ ಕಡತಗಳಿಗೆ ಹಳೆಯ ಬೀಗದ ಪದ್ಧತಿಯೇ ವಾಸಿ, ಅಥವಾ ಫೋನ್ ಮಾಡಿ ತಿಳಿಸುವುದು ವಾಸಿ.

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯಿಂದ ಬೆಂಗಳೂರಿನ ತಂಡಕ್ಕೆ ಕೆಲಸ ಮಾಡುತ್ತೇನೆ. ಮಳೆಗಾಲದಲ್ಲಿ ಕರೆಂಟೂ ನೆಟ್ಟೂ ಹೋಗಿಬಂದು ಮಾಡುತ್ತವೆ. ನಮ್ಮ ರೆಪೊ (ರೆಪೊಸಿಟರಿ) 2 ಜಿಬಿಗಿಂತ ದೊಡ್ಡದು. ಹೊಸ ಲ್ಯಾಪ್‌ಟಾಪಿಗೆ ಕ್ಲೋನ್ ಮಾಡಲು (ಅದರ ಪೂರ್ತಿ ಪ್ರತಿಯನ್ನು ಇಳಿಸಿಕೊಳ್ಳಲು) ಕುಳಿತರೆ ಅರ್ಧಕ್ಕೆ ನಿಂತು, ಮತ್ತೆ ಮೊದಲಿನಿಂದ ಶುರುವಾಗುತ್ತದೆ. ದಾರಿ ಇದೆಯೇ? (ತೀರ್ಥಹಳ್ಳಿ)

ಉತ್ತರ: ದಾರಿ ಇದೆ, ಅದಕ್ಕೆ ಬೆಂಗಳೂರಿನ ಸಹೋದ್ಯೋಗಿಯೊಬ್ಬರು ಹತ್ತು ನಿಮಿಷ ಕೊಡಬೇಕು. ಸಾಮಾನ್ಯ ಕ್ಲೋನ್ ನಡುವೆ ಕಡಿದುಹೋದರೆ ನಿಂತಲ್ಲಿಂದ ಮುಂದುವರಿಯುವುದಿಲ್ಲ. ಆದರೆ ಗಿಟ್‌ನಲ್ಲಿ ಬಂಡಲ್ ಎಂಬ ಆಜ್ಞೆಯಿದ್ದು, ಅದು ಇಡೀ ರೆಪೊಸಿಟರಿಯ ಚರಿತ್ರೆಯನ್ನು ಒಂದೇ ಕಡತದಲ್ಲಿ ಕಟ್ಟಿಕೊಡುತ್ತದೆ. ಆ ಕಡತವನ್ನು ಅವರು ಯಾವುದಾದರೂ ಡ್ರೈವಿನಲ್ಲಿ ಇಟ್ಟರೆ, ಅರ್ಧಕ್ಕೆ ನಿಂತಲ್ಲಿಂದ ಮುಂದುವರಿಸುವ ಡೌನ್‌ಲೋಡ್ ಸಾಧನದಿಂದ ನೀವು ಎರಡು ರಾತ್ರಿಯಲ್ಲಾದರೂ ಇಳಿಸಿಕೊಳ್ಳಬಹುದು, ಇಲ್ಲವೇ ಪೆನ್‌ಡ್ರೈವಿನಲ್ಲಿ ಹಾಕಿ ಊರಿಗೆ ಬರುವವರ ಕೈಯಲ್ಲಿ ಕಳುಹಿಸಬಹುದು. ಬಂದ ಕಡತದಿಂದಲೇ ಕ್ಲೋನ್ ಮಾಡಿ, ಆಮೇಲೆ ಒರಿಜಿನ್ ಎಂಬ ವಿಳಾಸವನ್ನು ನಿಜವಾದ ಸರ್ವರಿಗೆ ಬದಲಿಸಿ ಫೆಚ್ ಮಾಡಿದರೆ, ಬಂಡಲ್ ಕಟ್ಟಿದ ಮೇಲೆ ಬಂದ ಹೊಸ ಕಮಿಟ್‌ಗಳು ಮಾತ್ರ ಇಳಿಯುತ್ತವೆ.

ಡೆಪ್ತ್ 1 ಎಂಬ ಆಯ್ಕೆಯಿಂದ ಇತ್ತೀಚಿನ ಒಂದೇ ಕಮಿಟ್ ತರಿಸಿಕೊಳ್ಳಬಹುದೆಂದು ಹಲವರು ಸಲಹೆ ಕೊಡುತ್ತಾರೆ. ಅದು ಬೇಗ ಇಳಿಯುವುದೇನೋ ನಿಜ, ಆದರೆ ಹಿಂದಿನ ಚರಿತ್ರೆಯೇ ಇಲ್ಲದಿದ್ದರೆ ಯಾವ ಸಾಲು ಏಕೆ ಬಂತೆಂದು ನೋಡಲಾಗುವುದಿಲ್ಲ. ಕಡತಗಳ ಒಳಗನ್ನು ಬೇಕಾದಾಗ ತರಿಸುವ ಫಿಲ್ಟರ್ ಆಯ್ಕೆಯೂ ಇದೆ, ಆದರೆ ಆ "ಬೇಕಾದಾಗ" ಎಂಬ ಗಳಿಗೆಗೆ ಸರಿಯಾಗಿ ನೆಟ್ ಇರುವುದು ನಿಮ್ಮಲ್ಲಿ ಖಚಿತವಿಲ್ಲ. ಆದ್ದರಿಂದ ನಿಮಗೆ ಪೂರ್ತಿ ಚರಿತ್ರೆಯ ಬಂಡಲ್ಲೇ ಸರಿ ಎಂಬುದು ನನ್ನ ಅಭಿಪ್ರಾಯ. ಒಮ್ಮೆ ಅದು ಕೈಸೇರಿದರೆ ಕಮಿಟ್ ಮಾಡುವುದು, ಬ್ರಾಂಚ್ ತೆಗೆಯುವುದು, ಹಳೆಯದನ್ನು ಹೋಲಿಸುವುದು ಎಲ್ಲವೂ ನೆಟ್ ಇಲ್ಲದೆ ನಡೆಯುತ್ತವೆ. ಚರಿತ್ರೆಯನ್ನು ಸರ್ವರಿನಲ್ಲೇ ಇಡುವ ಸಬ್‌ವರ್ಷನ್ ಎಂಬ ಸಾಧನ ಬಳಸುವ ತಂಡದಲ್ಲಿ ಒಂದು ಕಮಿಟ್ ಮಾಡುವುದಕ್ಕೂ ಸರ್ವರ್ ಸಿಗಬೇಕು. ಮಲೆನಾಡಿನ ಮಳೆಗಾಲದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

2 ಜಿಬಿ ಏಕಾಯಿತು ಎಂಬುದನ್ನೂ ನಿಮ್ಮ ತಂಡ ವಿಚಾರಿಸಬೇಕು. ಬರಿಯ ಕೋಡ್ ಅಷ್ಟು ಬೆಳೆಯುವುದು ಅಪರೂಪ. ಯಾರೋ ಒಮ್ಮೆ ವಿಡಿಯೋ ಅಥವಾ ಡೇಟಾಬೇಸಿನ ಪ್ರತಿಯನ್ನು ಕಮಿಟ್ ಮಾಡಿರುತ್ತಾರೆ, ಮರುದಿನ ಅಳಿಸಿಯೂ ಇರುತ್ತಾರೆ. ಆದರೆ ಅಳಿಸಿದ್ದು ಇಂದಿನ ರೂಪದಿಂದ ಮಾತ್ರ. ಚರಿತ್ರೆಯೊಳಗೆ ಅದು ಹಾಗೆಯೇ ಕುಳಿತಿದ್ದು, ಪ್ರತಿ ಕ್ಲೋನಿನ ಜೊತೆಗೂ ನಿಮ್ಮ ಹಳ್ಳಿಯವರೆಗೆ ಪ್ರಯಾಣ ಮಾಡುತ್ತದೆ.

ಪ್ರಶ್ನೆ: ನಾವು ಮೈಸೂರಿನಿಂದ ಆಸ್ಪತ್ರೆಗಳ ಬಿಲ್ಲಿಂಗ್ ತಂತ್ರಾಂಶ ಮಾಡುತ್ತೇವೆ, ತಂಡದ ಅರ್ಧದಷ್ಟು ಜನ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾರೆ. ನಾವು ಮಲಗಿದ್ದಾಗ ಅವರು ಮರ್ಜ್ ಮಾಡಿರುತ್ತಾರೆ, ಅಂದರೆ ಕವಲುಗಳನ್ನು ಕೂಡಿಸಿರುತ್ತಾರೆ. ಬೆಳಿಗ್ಗೆ ಬಂದು ನೋಡಿದರೆ ಕಾನ್ಫ್ಲಿಕ್ಟ್‌ಗಳ ರಾಶಿ. ಕೇಳೋಣವೆಂದರೆ ಅಲ್ಲಿ ಮಧ್ಯರಾತ್ರಿ. ಒಮ್ಮೊಮ್ಮೆ ಕಾನ್ಫ್ಲಿಕ್ಟ್ ಬರದಿದ್ದರೂ ಪ್ರೋಗ್ರಾಂ ತಪ್ಪು ಲೆಕ್ಕ ಕೊಡುತ್ತದೆ. ಇದಕ್ಕೆ ಗಿಟ್‌ಗಿಂತ ಒಳ್ಳೆಯ ಸಾಧನವಿದೆಯೇ? (ಮೈಸೂರು)

ಉತ್ತರ: ಸಾಧನ ಬದಲಿಸುವುದರಿಂದ ಇದು ಬಗೆಹರಿಯಲಾರದು. ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ತೊಂದರೆಗಳು ಸೇರಿಕೊಂಡಿವೆ.

ಕಾನ್ಫ್ಲಿಕ್ಟ್‌ಗಳು ರಾಶಿ ಬೀಳುವುದು ಬ್ರಾಂಚುಗಳು ಬಹಳ ದಿನ ಬೇರೆಯಾಗಿ ಉಳಿದಾಗ. ಹದಿನೈದು ದಿನ ಪ್ರತ್ಯೇಕವಾಗಿ ಬೆಳೆದ ಎರಡು ಬ್ರಾಂಚುಗಳನ್ನು ಒಂದು ಬೆಳಿಗ್ಗೆ ಕೂಡಿಸಹೊರಟರೆ ಯಾರಿಗೂ ನೆಮ್ಮದಿಯಿರದು. ಒಂದೆರಡು ದಿನದಲ್ಲಿ ಮುಗಿದು ಮೈನ್‌ಗೆ ಸೇರುವಷ್ಟು ಚಿಕ್ಕದಾಗಿ ಕೆಲಸವನ್ನು ಒಡೆದುಕೊಳ್ಳಿ. ಬೆಳಿಗ್ಗೆ ಕುಳಿತ ಕೂಡಲೇ ಮೈನ್‌ನ ಹೊಸ ಕಮಿಟ್‌ಗಳನ್ನು ನಿಮ್ಮ ಬ್ರಾಂಚಿಗೆ ತಂದುಕೊಳ್ಳಿ, ಸಂಜೆ ಏಳುವ ಮೊದಲು ಇನ್ನೊಮ್ಮೆ ತನ್ನಿ. ಕಾನ್ಫ್ಲಿಕ್ಟ್‌ಗಳಲ್ಲಿ ಕೆಲವು ನಿಜವಾದವೇ ಅಲ್ಲ ಎಂಬುದನ್ನೂ ಪರೀಕ್ಷಿಸಿ. ಒಬ್ಬರ ಎಡಿಟರ್ ಟ್ಯಾಬ್ ಹಾಕಿ ಇನ್ನೊಬ್ಬರದು ಸ್ಪೇಸ್ ಹಾಕಿದರೆ, ಅಥವಾ ವಿಂಡೋಸ್‌ನಲ್ಲಿ ಸಾಲಿನ ಕೊನೆಯ ಗುರುತು ಬೇರೆಯಾದರೆ, ಯಾರೂ ಮುಟ್ಟದ ಸಾಲುಗಳೂ ಬದಲಾದಂತೆ ಕಾಣುತ್ತವೆ. ಸಾಲಿನ ಕೊನೆಯ ಗುರುತನ್ನು ನಿಗದಿಪಡಿಸುವ ಗಿಟ್‌ಆಟ್ರಿಬ್ಯೂಟ್ಸ್ ಕಡತವನ್ನು ರೆಪೊದಲ್ಲೇ ಇಟ್ಟು, ಕೋಡನ್ನು ಒಂದೇ ರೀತಿಯಲ್ಲಿ ಜೋಡಿಸುವ ಫಾರ್ಮ್ಯಾಟರನ್ನೂ ಎಲ್ಲರಿಗೂ ಒಂದೇ ಮಾಡಿದರೆ ಇವು ನಿಲ್ಲುತ್ತವೆ.

ಕಾನ್ಫ್ಲಿಕ್ಟ್ ಇಲ್ಲದೆಯೂ ಲೆಕ್ಕ ತಪ್ಪುವುದು ಇದಕ್ಕಿಂತ ಅಪಾಯಕಾರಿ. ಮೈಸೂರಿನವರೊಬ್ಬರು ಬಿಲ್ಲಿನ ಮೊತ್ತ ಪಡೆಯುವ ಫಂಕ್ಷನ್ ಇನ್ನು ಮುಂದೆ ಡಾಲರಿನ ಬದಲು ಸೆಂಟುಗಳಲ್ಲಿ ಸಂಖ್ಯೆ ತೆಗೆದುಕೊಳ್ಳಲಿ ಎಂದು ಬದಲಿಸಿ, ಅದನ್ನು ಕರೆಯುವ ಜಾಗಗಳನ್ನೆಲ್ಲ ಶ್ರದ್ಧೆಯಿಂದ ತಿದ್ದುತ್ತಾರೆ. ಅದೇ ರಾತ್ರಿ ನ್ಯೂಜೆರ್ಸಿಯವರು ಹೊಸ ಕಡತವೊಂದರಲ್ಲಿ, ಹಳೆಯ ಕ್ರಮದಂತೆ 250 ಡಾಲರಿಗೆ 250 ಎಂದು ಕೊಟ್ಟು ಅದೇ ಫಂಕ್ಷನನ್ನು ಕರೆಯುತ್ತಾರೆ. ಇಬ್ಬರೂ ಒಂದೇ ಸಾಲನ್ನು ಮುಟ್ಟಿಲ್ಲವಾದ್ದರಿಂದ ಗಿಟ್ ತಕರಾರಿಲ್ಲದೆ ಮರ್ಜ್ ಮಾಡುತ್ತದೆ, 250 ಡಾಲರಿನ ಬಿಲ್ಲು ಎರಡೂವರೆ ಡಾಲರಾಗುತ್ತದೆ. ಗಿಟ್‌ಗೆ ಸಾಲುಗಳು ಗೊತ್ತೇ ಹೊರತು ಅವುಗಳ ಅರ್ಥ ಗೊತ್ತಿಲ್ಲ. ಇದನ್ನು ಹಿಡಿಯಬಲ್ಲದ್ದು ಪರೀಕ್ಷೆ ಮಾತ್ರ. ಅದನ್ನು ನಿಮ್ಮ ಬ್ರಾಂಚಿನ ಮೇಲೆ ನಡೆಸಿದರೆ ಸಾಲದು, ಮೈನ್‌ನೊಂದಿಗೆ ಕೂಡಿಸಿದ ಮೇಲಿನ ರೂಪದ ಮೇಲೆ ನಡೆಸಬೇಕು.

ನಾನು ಹೆಚ್ಚು ಹೇಳಬೇಕೆಂದಿರುವುದು ಮೂರನೆಯ ತೊಂದರೆಯ ಬಗ್ಗೆ, ಅಂದರೆ ಕೇಳಲು ಆಚೆ ಕಡೆ ಯಾರೂ ಎಚ್ಚರವಿಲ್ಲ ಎಂಬುದರ ಬಗ್ಗೆ. ನಿಮಗೆ ಬೆಳಿಗ್ಗೆ 10 ಆದಾಗ ನ್ಯೂಜೆರ್ಸಿಯಲ್ಲಿ ಚಳಿಗಾಲವಾದರೆ ಹಿಂದಿನ ರಾತ್ರಿ 11.30, ಬೇಸಿಗೆಯಾದರೆ 12.30. ಕಾನ್ಫ್ಲಿಕ್ಟ್ ಎದುರಿಗಿರುವ ಆ ಹೊತ್ತಿನಲ್ಲಿ ಆಚೆಯವರ ಪರವಾಗಿ ಮಾತನಾಡಬಲ್ಲದ್ದು ಅವರ ಕಮಿಟ್ ಸಂದೇಶವೊಂದೇ. ಅದರಲ್ಲಿ "ಬಗ್ ಸರಿಪಡಿಸಿದೆ" ಎಂದಷ್ಟೇ ಇದ್ದರೆ ನೀವು ಊಹೆಯ ಮೇಲೆ ತೀರ್ಮಾನ ಮಾಡುತ್ತೀರಿ, ಅಥವಾ ಒಂದು ದಿನ ಕಾಯುತ್ತೀರಿ. ಅದರ ಬದಲು ಹೀಗಿದೆಯೆಂದುಕೊಳ್ಳಿ:

"ಮಧ್ಯಾಹ್ನ 12ರೊಳಗೆ ಬಿಡುಗಡೆಯಾದವರಿಗೆ ಆ ದಿನದ ಕೊಠಡಿ ಬಾಡಿಗೆ ಹಾಕುವುದನ್ನು ನಿಲ್ಲಿಸಿದೆ. ಬಿಡುಗಡೆಯ ದಿನಾಂಕವನ್ನಷ್ಟೇ ನೋಡಿ ಗಂಟೆಯನ್ನು ಬಿಟ್ಟಿದ್ದರಿಂದ ಒಂದು ದಿನದ ಬಾಡಿಗೆ ಹೆಚ್ಚು ಬೀಳುತ್ತಿತ್ತು. ಈಗಾಗಲೇ ಮುದ್ರಿಸಿದ ಬಿಲ್ಲುಗಳ ಮೊತ್ತ ಬದಲಾಗಬಾರದೆಂದು ಹಳೆಯ ದಾಖಲೆಗಳಿಗೆ ಇದನ್ನು ಅನ್ವಯಿಸಿಲ್ಲ."

ಮೂರೇ ವಾಕ್ಯಗಳು. ಏನು ಬದಲಾಯಿತು ಎಂಬುದು ಕೋಡಿನಲ್ಲೇ ಕಾಣುತ್ತದೆ. ಏಕೆ ಬದಲಾಯಿತು, ಯಾವುದನ್ನು ಬೇಕೆಂದೇ ಮುಟ್ಟಲಿಲ್ಲ ಎಂಬುದು ಬರೆದವರಿಗೆ ಮಾತ್ರ ಗೊತ್ತಿರುತ್ತದೆ. ಈ ಮೂರು ವಾಕ್ಯಗಳನ್ನು ಓದಿದವರು ಅದೇ ಕಡತದಲ್ಲಿ ತಮ್ಮ ತಿದ್ದುಪಡಿಯನ್ನು ಯಾರನ್ನೂ ಎಬ್ಬಿಸದೆ ಕೂಡಿಸಬಲ್ಲರು.

ಇಂಥ ವಿವರಣೆಗಳನ್ನು ಪುಲ್ ರಿಕ್ವೆಸ್ಟಿನ (ತಿದ್ದುಪಡಿಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆಯ) ಚರ್ಚೆಯಲ್ಲಿ ಬರೆದರೆ ಸಾಲದೇ ಎಂದು ನೀವು ಕೇಳಬಹುದು. ಅಲ್ಲಿಯೂ ಬರೆಯಿರಿ, ಆದರೆ ಸಾರಾಂಶ ಕಮಿಟ್‌ನಲ್ಲಿರಲಿ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ಡೇಟಾಬೇಸ್ ಕೆಲಸದ ನಡುವೆ ದತ್ತಾಂಶ ತಪ್ಪಾಗಿ ಅಳಿಸಿಹೋಗಿ, ಸುಮಾರು ಆರು ಗಂಟೆಗಳ ಅವಧಿಯ ಚರ್ಚೆ, ಟಿಪ್ಪಣಿ ಮೊದಲಾದವು ಮರಳಿ ಸಿಗಲಿಲ್ಲ. ಗಿಟ್ ರೆಪೊಸಿಟರಿಗಳಿಗೆ ಏನೂ ಆಗಲಿಲ್ಲ. ಚರ್ಚೆ ಉಳಿಯುವುದು ಸರ್ವರಿನ ಡೇಟಾಬೇಸಿನಲ್ಲಿ, ಕಮಿಟ್ ಸಂದೇಶ ಉಳಿಯುವುದು ತಂಡದ ಪ್ರತಿಯೊಬ್ಬರ ಲ್ಯಾಪ್‌ಟಾಪಿನಲ್ಲಿ.

ಒಂದು ಚಿಕ್ಕ ಸೌಕರ್ಯವನ್ನೂ ಹೇಳಿಬಿಡುತ್ತೇನೆ. ಗಿಟ್ ಪ್ರತಿ ಕಮಿಟ್‌ನೊಂದಿಗೆ ಬರೆದವರ ಊರಿನ ಕಾಲಮಾನವನ್ನೂ ದಾಖಲಿಸುತ್ತದೆ, ನಿಮ್ಮದರ ಪಕ್ಕದಲ್ಲಿ +0530 ಎಂದಿರುತ್ತದೆ. ಲಾಗ್ ನೋಡುವಾಗ ಡೇಟ್ ಆಯ್ಕೆಯನ್ನು ಲೋಕಲ್ ಎಂದಿಟ್ಟರೆ ಎಲ್ಲವೂ ನಿಮ್ಮ ಗಡಿಯಾರದ ಸಮಯದಲ್ಲೇ ಕಾಣುತ್ತವೆ, ಮನಸ್ಸಿನಲ್ಲಿ ಗಂಟೆ ಕಳೆಯುವ ಕೆಲಸ ತಪ್ಪುತ್ತದೆ.

ಪ್ರಶ್ನೆ: ನಮ್ಮ ತಂಡದ ಹೊಸಬರೊಬ್ಬರು ಮೈನ್ ಬ್ರಾಂಚಿಗೆ ಫೋರ್ಸ್ ಪುಶ್ ಮಾಡಿ, ಅಂದರೆ ಸರ್ವರಿನಲ್ಲಿದ್ದುದರ ಮೇಲೆ ತಮ್ಮ ಪ್ರತಿಯನ್ನು ಬಲವಂತವಾಗಿ ಹಾಕಿ, ಇತರರ ಮೂರು ದಿನದ ಕಮಿಟ್‌ಗಳು ಸರ್ವರಿನಿಂದ ಮಾಯವಾದವು. ಅವು ಮರಳಿ ಸಿಗುತ್ತವೆಯೇ? (ಮಂಗಳೂರು)

ಉತ್ತರ: ಬಹುತೇಕ ಸಿಗುತ್ತವೆ. ಎಲ್ಲಕ್ಕಿಂತ ಮೊದಲು, ಯಾರೂ ಪುಲ್ ಮಾಡಬೇಡಿ (ಸರ್ವರಿನ ಬದಲಾವಣೆಗಳನ್ನು ತಂದು ಕೂಡಿಸಬೇಡಿ) ಎಂದು ತಂಡಕ್ಕೆ ತಿಳಿಸಿ. ಆ ಮೂರು ದಿನಗಳಲ್ಲಿ ಯಾರಾದರೂ ಫೆಚ್ ಮಾಡಿದ್ದರೆ ಅವರ ಯಂತ್ರದಲ್ಲಿ ಹಳೆಯ ಮೈನ್ ಇನ್ನೂ ಇದ್ದು, ಅದನ್ನೇ ಹೊಸ ಬ್ರಾಂಚಾಗಿ ಸರ್ವರಿಗೆ ಕಳುಹಿಸಬಹುದು. ಯಾರಾದರೂ ಆಗಲೇ ಪುಲ್ ಮಾಡಿಬಿಟ್ಟಿದ್ದರೂ ರಿಫ್ಲಾಗ್ ಎಂಬ ದಿನಚರಿಯಲ್ಲಿ ಹಳೆಯ ತುದಿ ಎಲ್ಲಿತ್ತೆಂಬುದು ಉಳಿದಿರುತ್ತದೆ. ಹೀಗೆ ಕೈಬಿಟ್ಟುಹೋದ ಕಮಿಟ್‌ಗಳ ನಮೂದನ್ನು ಗಿಟ್ ಸಾಮಾನ್ಯವಾಗಿ 30 ದಿನ ಇಟ್ಟುಕೊಳ್ಳುತ್ತದೆ, ಆದ್ದರಿಂದ ಗಾಬರಿ ಬೇಡ, ತಡವೂ ಬೇಡ.

ಹಲವು ವರ್ಷಗಳ ಹಿಂದೆ ನಾನಿದ್ದ ತಂಡದಲ್ಲಿ ಶುಕ್ರವಾರ ಸಂಜೆ ಇದೇ ಆಯಿತು. ಮಾಡಿದವನು ನಾನೇ. ಬೆಂಗಳೂರಿನ ನಮ್ಮ ನಾಲ್ವರಲ್ಲಿ ಯಾರ ಬಳಿಯೂ ಹೊಸ ಕಮಿಟ್‌ಗಳು ಇರಲಿಲ್ಲ. ಪುಣೆಯಲ್ಲಿದ್ದ ಸಹೋದ್ಯೋಗಿಯೊಬ್ಬರು ಮಧ್ಯಾಹ್ನ ಊಟಕ್ಕೆ ಏಳುವ ಮೊದಲು ಫೆಚ್ ಮಾಡಿದ್ದರು. ಬಸ್ಸಿನಲ್ಲಿ ಮನೆಗೆ ಹೊರಟಿದ್ದವರು ಫೋನ್ ಎತ್ತಿ, ಮನೆ ಸೇರಿದ ಕೂಡಲೇ ಲ್ಯಾಪ್‌ಟಾಪ್ ತೆರೆದು ಒಂದೇ ಪುಶ್‌ನಲ್ಲಿ ಎಲ್ಲವನ್ನೂ ಮರಳಿ ಕೊಟ್ಟರು. ಪ್ರತಿಯೊಬ್ಬರಲ್ಲೂ ಪೂರ್ತಿ ಚರಿತ್ರೆ ಇರುತ್ತದೆ ಎಂಬ ಮಾತು ನನ್ನ ಮೈಗೆ ಅರ್ಥವಾದದ್ದು ಆ ರಾತ್ರಿ. ನಿಮ್ಮ ಹೊಸಬರನ್ನು ಗದರಬೇಡಿ, ಮೈನ್‌ಗೆ ಫೋರ್ಸ್ ಪುಶ್ ಸಾಧ್ಯವೇ ಆಗದಂತೆ ಸರ್ವರಿನಲ್ಲಿ ನಿರ್ಬಂಧ ಹಾಕಿ. ತಮ್ಮ ಸ್ವಂತ ಬ್ರಾಂಚಿನ ಮೇಲೆ ಫೋರ್ಸ್ ಬೇಕಾದಾಗ "ಫೋರ್ಸ್ ವಿತ್ ಲೀಸ್" ಬಳಸಲಿ. ನೀವು ಕೊನೆಗೆ ನೋಡಿದ್ದಕ್ಕಿಂತ ಹೊಸದು ಸರ್ವರಿನಲ್ಲಿದ್ದರೆ ಅದು ನಿರಾಕರಿಸುತ್ತದೆ. ಆದರೆ ಕೆಲವು ಎಡಿಟರುಗಳು ಹಿನ್ನೆಲೆಯಲ್ಲಿ ತಾವೇ ಫೆಚ್ ಮಾಡುತ್ತಿರುತ್ತವೆ, ಆಗ ಈ ರಕ್ಷಣೆ ಕೆಲಸ ಮಾಡದು.

ಪ್ರಶ್ನೆ: ಡೇಟಾಬೇಸಿನ ಪಾಸ್‌ವರ್ಡ್ ಇರುವ ಕಡತ ತಪ್ಪಿ ಪುಶ್ ಆಗಿದೆ. ಅಳಿಸಿ ಮತ್ತೆ ಕಮಿಟ್ ಮಾಡಿದರೆ ಸಾಕೇ? (ಬೆಳಗಾವಿ)

ಉತ್ತರ: ಸಾಲದು. ಈ ಉತ್ತರವನ್ನು ಪೂರ್ತಿ ಓದುವ ಮೊದಲೇ ಆ ಪಾಸ್‌ವರ್ಡನ್ನು ಬದಲಿಸಿ. ಚರಿತ್ರೆಯಿಂದ ಅದನ್ನು ತೆಗೆಯಲು ಫಿಲ್ಟರ್‌ರೆಪೊ ಎಂಬ ಸಾಧನವಿದೆ, ಆದರೆ ಅದು ಆ ಕಮಿಟ್ ಮತ್ತು ಅದರ ನಂತರದ ಎಲ್ಲ ಕಮಿಟ್‌ಗಳ ಗುರುತುಸಂಖ್ಯೆಗಳನ್ನು ಬದಲಿಸುವುದರಿಂದ ಎಲ್ಲ ಊರುಗಳವರೂ ಹೊಸದಾಗಿ ಕ್ಲೋನ್ ಮಾಡಿಕೊಳ್ಳಬೇಕಾಗುತ್ತದೆ. ಯಾರದೋ ಯಂತ್ರದಲ್ಲಿ ಹಳೆಯ ಪ್ರತಿ ಉಳಿದೇ ಇರುತ್ತದೆ.

ಪ್ರಶ್ನೆ: ನಾವು ಶಾಲಾ ಮಕ್ಕಳಿಗಾಗಿ ಕನ್ನಡದ ಪಾಠಗಳಿರುವ ಆ್ಯಪ್ ಮಾಡುತ್ತಿದ್ದೇವೆ. ಕಡತಗಳಿಗೆ ಕನ್ನಡದಲ್ಲೇ ಹೆಸರಿಟ್ಟಿದ್ದೇವೆ. ಗಿಟ್ ಸ್ಟೇಟಸ್ ನೋಡಿದರೆ ಹೆಸರುಗಳ ಬದಲು ಅಂಕಿಗಳು ಕಾಣುತ್ತವೆ. ಮ್ಯಾಕ್ ಇರುವ ಗೆಳತಿಗೆ ಒಂದೇ ಹೆಸರಿನ ಕಡತ ಎರಡೆರಡು ಸಲ ಕಾಣಿಸಿತು. ಕಮಿಟ್ ಸಂದೇಶವನ್ನೂ ಕನ್ನಡದಲ್ಲಿ ಬರೆಯಬಹುದೇ? (ಧಾರವಾಡ)

ಉತ್ತರ: ನಿಮ್ಮ ಹೆಸರುಗಳಿಗೆ ಏನೂ ಆಗಿಲ್ಲ. ಇಂಗ್ಲಿಷ್ ಅಲ್ಲದ ಅಕ್ಷರಗಳಿರುವ ಕಡತದ ಹೆಸರನ್ನು ಗಿಟ್ ತಾನಾಗಿ ಅಂಕಿಗಳಲ್ಲಿ ಬಿಡಿಸಿ ತೋರಿಸುತ್ತದೆ. "ಕ" ಎಂಬ ಒಂದಕ್ಷರ \340\262\225 ಎಂದು ಕಾಣುತ್ತದೆ, ಏಕೆಂದರೆ ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಅದು ಮೂರು ಬೈಟುಗಳು. ಗಿಟ್‌ನ ಸಂರಚನೆಯಲ್ಲಿ ಕೋರ್ ವಿಭಾಗದ ಕೋಟ್‌ಪಾತ್ ಎಂಬುದನ್ನು ಫಾಲ್ಸ್ ಮಾಡಿದರೆ ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಇದನ್ನು ತಂಡದ ಪ್ರತಿಯೊಬ್ಬರೂ ತಮ್ಮ ತಮ್ಮ ಯಂತ್ರದಲ್ಲಿ ಮಾಡಿಕೊಳ್ಳಬೇಕು.

ಗೆಳತಿಯವರ ಮ್ಯಾಕ್‌ನ ಸಮಸ್ಯೆಗೆ ಬಹುಶಃ ಕಾರಣ ಬೇರೆ. "ಕೋಶ" ಎಂಬ ಹೆಸರಿನ ಓಕಾರದ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಸಿ ಮೂರು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಗಿಟ್‌ಗೆ ಎರಡೂ ಬೇರೆ. ಮ್ಯಾಕ್‌ನ ಹಳೆಯ ಕಡತ ವ್ಯವಸ್ಥೆ ಹೆಸರುಗಳನ್ನು ಬಿಡಿಸಿದ ರೂಪದಲ್ಲಿ ಇಡುತ್ತಿತ್ತು. ಅವರ ಯಂತ್ರದಲ್ಲಿ ಪ್ರಿಕಂಪೋಸ್‌ಯೂನಿಕೋಡ್ ಆಯ್ಕೆ ಟ್ರೂ ಆಗಿದೆಯೇ ಎಂದು ನೋಡಿ. ಆದರೂ ತೊಂದರೆ ಹೋಗದಿದ್ದರೆ ಕಡತಗಳಿಗೆ "ಪಾಠ" ಎಂಬಂತೆ ಬಿಡಿಯಾಗಿ ಒಡೆಯದ ಸ್ವರಚಿಹ್ನೆಗಳಿರುವ ಹೆಸರುಗಳನ್ನೇ ಆರಿಸಿಕೊಳ್ಳುವುದು ಒಂದು ಉಪಾಯ.

ಕಮಿಟ್ ಸಂದೇಶವನ್ನು ಧಾರಾಳವಾಗಿ ಕನ್ನಡದಲ್ಲಿ ಬರೆಯಿರಿ. ಗಿಟ್ ಸಂದೇಶಗಳನ್ನು ಯುಟಿಎಫ್-8 ಎಂದೇ ಭಾವಿಸುವುದರಿಂದ ತಾಂತ್ರಿಕವಾಗಿ ಯಾವ ಅಡ್ಡಿಯೂ ಇಲ್ಲ. ತಂಡದವರೆಲ್ಲ ಕನ್ನಡ ಓದುವವರಾದರೆ, ಕಾರಣವನ್ನು ಪೂರ್ತಿಯಾಗಿ ಹೇಳಲು ಸುಲಭವಾಗುವ ಭಾಷೆಯೇ ಒಳ್ಳೆಯದೆಂದು ನಾನು ನಂಬಿದ್ದೇನೆ. ಇಂಗ್ಲಿಷಿನಲ್ಲಿ ಎರಡು ಪದ ಗೀಚಿ ಬಿಡುವವರು ಕನ್ನಡದಲ್ಲಾದರೆ ಮೂರು ವಾಕ್ಯ ಬರೆಯುವುದನ್ನು ನಾನು ನೋಡಿದ್ದೇನೆ. ಪಾಠಗಳ ವಿಷಯದಲ್ಲಿ ಮಾತ್ರ ಇನ್ನೊಂದು ಮಾತು. ಇಡೀ ಪ್ಯಾರಾವನ್ನು ಒಂದೇ ಸಾಲಾಗಿ ಬರೆದಿಟ್ಟರೆ, ಒಂದು ಕಾಗುಣಿತ ತಿದ್ದಿದರೂ ಪ್ಯಾರಾವೇ ಬದಲಾದಂತೆ ಕಾಣುತ್ತದೆ, ಇಬ್ಬರು ತಿದ್ದಿದರೆ ಕಾನ್ಫ್ಲಿಕ್ಟ್ ತಪ್ಪದು. ಒಂದು ವಾಕ್ಯಕ್ಕೆ ಒಂದು ಸಾಲು ಎಂದು ಬರೆಯಿರಿ, ಹೋಲಿಸುವಾಗ ವರ್ಡ್‌ಡಿಫ್ ಆಯ್ಕೆ ಬಳಸಿ. ತಿದ್ದಿದ ಪದವಷ್ಟೇ ಬಣ್ಣದಲ್ಲಿ ಎದ್ದು ಕಾಣುತ್ತದೆ.